ಮೊದಲು ಟ್ಯಾಂಕರ್ ಲೆಕ್ಕ, ಆಮೇಲೆ ಸಸಿ ಲೆಕ್ಕ: ಶಿರಸಿ ನಗರಸಭೆಗೊಂದು ಬಹಿರಂಗ ಪತ್ರ

ಶಿರಸಿ ನಗರಸಭೆಯ ಮಾನ್ಯ ಅಧ್ಯಕ್ಷರು, ಸದಸ್ಯರು ಮತ್ತು ಪೌರಾಯುಕ್ತರಿಗೆ,

ನಮಸ್ಕಾರ.

ಮುಂದಿನ ವರ್ಷದ ಬಜೆಟ್ ತಯಾರಾಗುವ ಹೊತ್ತಿಗೆ ನಿಮ್ಮ ಕೈಸೇರಲಿ ಎಂದು ಈ ಪತ್ರ ಬರೆಯುತ್ತಿದ್ದೇವೆ. ನಾವು ಸಸಿ ಬೆಳೆಸುವ, ನೆಡುವ, ಮರ ಸವರುವ ಕೆಲಸದಲ್ಲಿರುವವರು. ನಮ್ಮ ಕೋರಿಕೆ ಇಷ್ಟೇ: ಈ ಮಳೆಗಾಲದಲ್ಲಿ ಎಷ್ಟು ಸಸಿ ನೆಡಬೇಕೆಂಬುದನ್ನು ನರ್ಸರಿಯಲ್ಲಿ ಎಷ್ಟು ಸಿಗುತ್ತದೆ ಎಂದು ನೋಡಿ ತೀರ್ಮಾನಿಸಬೇಡಿ. ಮುಂದಿನ ಮೂರು ಬೇಸಿಗೆ ಎಷ್ಟು ಸಸಿಗೆ ನೀರು ಹಾಕಲು ನಮ್ಮಿಂದಾಗುತ್ತದೆ ಎಂದು ನೋಡಿ ತೀರ್ಮಾನಿಸಿ. ಹಾಗೆ ಲೆಕ್ಕ ಹಾಕಿದರೆ ಸಂಖ್ಯೆ ಬಹಳ ಚಿಕ್ಕದಾಗುತ್ತದೆ. ಆ ಚಿಕ್ಕ ಸಂಖ್ಯೆಯನ್ನು ಒಪ್ಪಿಕೊಳ್ಳುವ ಧೈರ್ಯ ಮಾಡಿ ಎಂದು ಕೇಳುತ್ತಿದ್ದೇವೆ.

ಶಿರಸಿಗೆ ವರ್ಷಕ್ಕೆ ಸುಮಾರು 2500 ಮಿ.ಮೀ. ಮಳೆ. ಇಷ್ಟು ಮಳೆ ಬೀಳುವ ಊರಿನಲ್ಲಿ ಕಡ್ಡಿ ಊರಿದರೂ ಚಿಗುರುತ್ತದೆ ಎಂಬ ನಂಬಿಕೆಯೇ ಪೇಟೆಯ ಸಸಿಗಳಿಗೆ ಮುಳುವಾಗಿದೆ. ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದು ಮುಗಿಯುತ್ತದೆ. ನವೆಂಬರ್ ದಾಟಿದರೆ ಮೇ ತನಕ ಸಸಿಗೆ ದಕ್ಕುವಂಥ ಮಳೆ ಇಲ್ಲ. ಕಾಡಿನ ಸಸಿಗೆ ನೆರಳಿದೆ, ದರಕಿನ, ಅಂದರೆ ಉದುರಿದ ಒಣ ಎಲೆಯ, ಹೊದಿಕೆಯಿದೆ, ಅಕ್ಕಪಕ್ಕದ ಮರಗಳ ತಂಪಿದೆ. ರಸ್ತೆ ಬದಿಯ ಸಸಿಗೆ ಒಂದು ಕಡೆ ಡಾಂಬರು, ಇನ್ನೊಂದು ಕಡೆ ಗಟಾರದ ಸಿಮೆಂಟು, ಬುಡದಲ್ಲಿ ಜಂಬಿಟ್ಟಿಗೆ ಕಲ್ಲು. ಜುಲೈಯಲ್ಲಿ ವನಮಹೋತ್ಸವಕ್ಕೆ ನೆಟ್ಟದ್ದು ಅಕ್ಟೋಬರ್‌ವರೆಗೂ ಹಸಿರಾಗಿಯೇ ಕಾಣುತ್ತದೆ, ಫೋಟೋಕ್ಕೂ ಚೆನ್ನಾಗಿರುತ್ತದೆ. ಸಾಯುವುದು ಫೆಬ್ರವರಿಯಿಂದ ಈಚೆ. ಆಗ ಲೆಕ್ಕ ಕೇಳುವವರು ಇರುವುದಿಲ್ಲ.

ಈಗ ನೀರಿನ ಲೆಕ್ಕ. ಐದಾರು ಅಡಿ ಎತ್ತರದ ಸಸಿಗೆ ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ 20 ಲೀಟರ್ ಬೇಕು. ದಿನಕ್ಕೊಂದು ಚೊಂಬು ಹಾಕಿ ಪ್ರಯೋಜನವಿಲ್ಲ. ಆ ನೀರು ಮೇಲಿನ ಎರಡು ಇಂಚಿನಲ್ಲೇ ಆರಿ ಹೋಗುತ್ತದೆ, ಬೇರೂ ಅಲ್ಲೇ ಮೇಲೆ ಮೇಲೆ ಹರಡಿ ಬಿಸಿಲಿಗೆ ಸುಡುತ್ತದೆ. ವಾರಕ್ಕೊಮ್ಮೆ ಆಳಕ್ಕೆ ಇಳಿಯುವಷ್ಟು ಹಾಕಿದರೆ ಬೇರು ನೀರನ್ನು ಹುಡುಕಿಕೊಂಡು ಕೆಳಗೆ ಹೋಗುತ್ತದೆ. ಡಿಸೆಂಬರ್‌ನಿಂದ ಮೇ ತನಕ 26 ವಾರ. ಅಂದರೆ ಒಂದು ಸಸಿಗೆ 520 ಲೀಟರ್. ಸಾವಿರ ಸಸಿ ನೆಟ್ಟರೆ 5,20,000 ಲೀಟರ್, 5000 ಲೀಟರಿನ ಟ್ಯಾಂಕರ್‌ನಲ್ಲಿ 104 ಸಲ. ಅದೂ ಕುಡಿಯುವ ನೀರಿಗೇ ಟ್ಯಾಂಕರ್ ಹುಡುಕುವ ಏಪ್ರಿಲ್, ಮೇ ತಿಂಗಳುಗಳನ್ನೂ ಸೇರಿಸಿ.

ಆಳುಗಳ ಲೆಕ್ಕವನ್ನೂ ನೋಡಿ. ಪೈಪು ಹಿಡಿದು ಒಂದು ಸಸಿಗೆ 20 ಲೀಟರ್ ಬಿಟ್ಟು ಮುಂದಿನದಕ್ಕೆ ಹೋಗಲು ಮೂರು ನಿಮಿಷವಾದರೂ ಬೇಕು. 250 ಸಸಿಗೆ 750 ನಿಮಿಷ, ಹನ್ನೆರಡೂವರೆ ಗಂಟೆ. ಓಡಾಟ ಸೇರಿ ಇಬ್ಬರಿಗೆ ಎರಡು ದಿನದ ಕೆಲಸ, ಒಂದು ಟ್ಯಾಂಕರ್ ನೀರು. ಎರಡನೆಯ ವರ್ಷ ಅದೇ ಸಸಿಗೆ ಹತ್ತು ದಿನಕ್ಕೊಮ್ಮೆ 30 ಲೀಟರ್, ಮೂರನೆಯ ವರ್ಷ ಹದಿನೈದು ದಿನಕ್ಕೊಮ್ಮೆ 40 ಲೀಟರ್ ಸಾಕು. ಹೇಗೆ ನೋಡಿದರೂ 250 ಸಸಿಗೆ ವಾರಕ್ಕೆ ಒಂದು ಟ್ಯಾಂಕರಿನಷ್ಟು ಬಂತು. ವರ್ಷಕ್ಕೆ 250ರಂತೆ ನೆಡುತ್ತಾ ಹೋದರೆ ಮೂರನೆಯ ವರ್ಷ ವಾರಕ್ಕೆ ಮೂರು ಟ್ಯಾಂಕರ್, ಆರು ದಿನದ ಕೆಲಸ. ಒಂದು ಗಾಡಿ, ಇಬ್ಬರು ಆಳು, ಬೇರಾವ ಕೆಲಸಕ್ಕೂ ಕರೆಯದೆ ಇದ್ದರೆ ಇದು ಸಾಧ್ಯ. ಆದ್ದರಿಂದ ವರ್ಷಕ್ಕೆ 250. ವಾರ್ಡಿಗೆ ಎಂಟೋ ಹತ್ತೋ ಬರುತ್ತದೆ. ಹತ್ತು ವರ್ಷದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬದುಕಿದ ಮರ. ಪ್ರತಿ ವರ್ಷ ಸಾವಿರಗಟ್ಟಲೆ ನೆಟ್ಟು ಅದೇ ಗುಂಡಿಗಳಲ್ಲಿ ಮತ್ತೆ ನೆಡುವ ಯಾವ ಯೋಜನೆಯೂ ಇಷ್ಟು ಕೊಡುವುದಿಲ್ಲ. ಕುಡಿಯಲು ಬಳಸದ ಸಾರ್ವಜನಿಕ ಬಾವಿಗಳನ್ನು ಗುರುತಿಸಿ, ಈ ಗಾಡಿಗೆ ಅಲ್ಲಿಂದಲೇ ನೀರು ತುಂಬಿಸುವ ವ್ಯವಸ್ಥೆಯಾಗಲಿ.

ಎರಡನೆಯ ಮಾತು ಗುಂಡಿಯದ್ದು. ಎರಡಡಿ ಉದ್ದ, ಅಗಲ, ಆಳದ ಗುಂಡಿ ಎಂದು ಅಂದಾಜುಪಟ್ಟಿಯಲ್ಲಿ ಇರುತ್ತದೆ. ಕೆಂಪು ಮಣ್ಣಿನಲ್ಲಿ ಅದು ಸಾಕು. ನಮ್ಮ ಊರಿನ ಏರು ಭಾಗಗಳಲ್ಲಿ ಒಂದಡಿ ಮಣ್ಣು ತೆಗೆದರೆ ಜಂಬಿಟ್ಟಿಗೆ ಸಿಗುತ್ತದೆ, ಅಲ್ಲಿ ಸಾಲದು. ಯಂತ್ರದಿಂದ ಕೊರೆದ ಗುಂಡಿಯ ಗೋಡೆ ನುಣ್ಣಗೆ ಗಟ್ಟಿಯಾಗಿರುತ್ತದೆ. ಜುಲೈಯಲ್ಲಿ ಅದು ನೀರು ತುಂಬಿದ ಹಂಡೆ. ಬೇರಿಗೆ ಗಾಳಿ ಸಿಗದೆ ಹತ್ತು ಹದಿನೈದು ದಿನದಲ್ಲಿ ಕೊಳೆಯಲು ಶುರು. ಎಲೆ ಹಳದಿಯಾದಾಗ ಮೇಲ್ವಿಚಾರಕರು ಗೊಬ್ಬರ ಸಾಲದು ಎಂದುಕೊಳ್ಳುತ್ತಾರೆ. ಕಿತ್ತು ನೋಡಿದರೆ ಬೇರು ಕಪ್ಪಾಗಿರುತ್ತದೆ, ವಾಸನೆ ಬರುತ್ತಿರುತ್ತದೆ. ಅಂಥ ಸಸಿ ಉಳಿದುಕೊಂಡರೂ ಬೇರು ಆ ಗುಂಡಿಯೊಳಗೇ ಸುತ್ತುತ್ತದೆ, ಬೇಸಿಗೆಯಲ್ಲಿ ಒಣಗುತ್ತದೆ.

ಹೀಗೆ ಮಾಡಬೇಕು. ಗುಂಡಿಯನ್ನು ಮಾರ್ಚ್ ಕೊನೆ, ಏಪ್ರಿಲ್‌ನಲ್ಲೇ ತೋಡಬೇಕು. ಕಲ್ಲಿರುವಲ್ಲಿ ಒಂದು ಮೀಟರ್ ಉದ್ದಗಲ, ಒಂದು ಮೀಟರ್ ಆಳ. ಗೋಡೆಗಳನ್ನು ಹಾರೆಯಿಂದ ಅಲ್ಲಲ್ಲಿ ಒಡೆದು ಒರಟು ಮಾಡಬೇಕು. ಆಮೇಲೆ ಎರಡು ಕೊಡ ನೀರು ಸುರಿದು ಮರುದಿನ ಬೆಳಿಗ್ಗೆ ನೋಡಬೇಕು. ನೀರು ಇನ್ನೂ ನಿಂತಿದ್ದರೆ ಇಳಿಜಾರಿನ ಬದಿಗೆ ಒಂದು ಸಣ್ಣ ಬಸಿಗಾಲುವೆ ಒಡೆಯಬೇಕು. ಅಡಿಕೆ ತೋಟದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಬಸಿಗಾಲುವೆ ಇಲ್ಲದ ತೋಟ ನಮ್ಮಲ್ಲಿ ಇಲ್ಲ. ಪೇಟೆಯ ಗುಂಡಿಗೆ ಮಾತ್ರ ಅದು ಬೇಡವೆಂದು ಏಕೆ ತಿಳಿಯಬೇಕು? ತುಂಬುವಾಗ ಮೇಲ್ಮಣ್ಣು, ಅದಕ್ಕೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 10ರಿಂದ 15 ಕಿಲೋ. ಹಸಿ ಸಗಣಿ ಬೇಡ, ಬೇರು ಸುಡುತ್ತದೆ, ಗೆದ್ದಲು ಬರುತ್ತದೆ. ಕಟ್ಟಡದ ಚೂರು, ಒಡೆದ ಪೇವರ್ಸ್ ಹಾಕಿ ತುಂಬುವುದು ಬೇಡವೇ ಬೇಡ. ಮಣ್ಣು ಕುಸಿಯುವುದರಿಂದ ಸಸಿಯ ಬುಡ ನೆಲಕ್ಕಿಂತ ಎರಡಿಂಚು ಮೇಲಿರುವಂತೆ ನೆಡಬೇಕು. ಎರಡೂವರೆ ಇಂಚಿನ ಪಿವಿಸಿ ಪೈಪಿನ ಒಂದೂವರೆ ಅಡಿ ತುಂಡಿಗೆ ಕೆಳಗಿನ ಅರ್ಧದಲ್ಲಿ ತೂತು ಕೊರೆದು ಗುಂಡಿಯ ಅಂಚಿನಲ್ಲಿ ನೆಟ್ಟಗೆ ಹೂತು ಜಲ್ಲಿ ತುಂಬಿದರೆ, ಬೇಸಿಗೆಯ ನೀರಿನ ಅರ್ಧ ಭಾಗ ನೇರವಾಗಿ ಬೇರಿನ ಆಳಕ್ಕೆ ಹೋಗುತ್ತದೆ.

ಸಸಿಯನ್ನು ಎತ್ತರ ನೋಡಿ ಒಪ್ಪಿಕೊಳ್ಳಬೇಡಿ. ಚಿಕ್ಕ ಚೀಲದಲ್ಲಿ ಏಳಡಿ ಬೆಳೆದು ನಿಂತ ಸಸಿ ಬಂದರೆ ವಾಪಸು ಕಳಿಸಿ. ಚೀಲ ಬಿಚ್ಚಿದಾಗ ಬೇರು ಬುಡದಲ್ಲಿ ಸುರುಳಿ ಸುತ್ತಿದ್ದರೆ, ಆ ಸುರುಳಿಯನ್ನು ಹರಿತ ಚಾಕುವಿನಿಂದ ಕತ್ತರಿಸದೆ ನೆಟ್ಟ ಮರ ಹತ್ತು ಹದಿನೈದು ವರ್ಷಕ್ಕೆ ತನ್ನ ಬೇರಿನಿಂದಲೇ ಕುತ್ತಿಗೆ ಬಿಗಿದುಕೊಂಡು ಗಾಳಿಗೆ ಉರುಳುತ್ತದೆ. ರಸ್ತೆ ಬದಿಗೆ 14×20 ಇಂಚಿನ ಚೀಲದ ಸಸಿ ಇರಲಿ. ನೆಡುವ ಹೊತ್ತು ಜೂನ್ ಎರಡನೆಯ ವಾರ, ಮಳೆ ಕಾಲೂರಿದ ಕೂಡಲೇ. ಜುಲೈಯ ಜಡಿಮಳೆ ಶುರುವಾಗುವ ಮೊದಲು ಬೇರು ಹಿಡಿದಿರಬೇಕು. ತಪ್ಪಿದರೆ ಆಗಸ್ಟ್ ಕೊನೆಗೆ ನೆಡಿ. ಸಮಾರಂಭದ ತಾರೀಖಿಗಾಗಿ ಸಸಿ ಕಾಯಬಾರದು.

ಊರುಗೋಲಿಗೆ ಕಟ್ಟುವಾಗ ತಂತಿ ಬೇಡ. ನಾರಿನ ಹಗ್ಗ ಅಥವಾ ಹಳೆಯ ಸೈಕಲ್ ಟ್ಯೂಬನ್ನು ಸಸಿಗೂ ಕೋಲಿಗೂ ನಡುವೆ ಎಂಟರ ಆಕಾರದಲ್ಲಿ ಸಡಿಲವಾಗಿ ಸುತ್ತಿದರೆ ಸಾಕು. ಬಿಡಾಡಿ ದನಗಳಿಗೆ ಕಬ್ಬಿಣದ ಕಾವಲಿಗಿಂತ ಬಿದಿರಿನ ತಟ್ಟಿ ಒಳ್ಳೆಯದು. ಸಸಿಗೆ ಕಾವಲು ಬೇಡವಾಗುವ ಹೊತ್ತಿಗೆ ಅದೂ ಹಳತಾಗಿರುತ್ತದೆ. ಕಬ್ಬಿಣದ್ದನ್ನು ತೆಗೆಯಲು ಯಾರಿಗೂ ನೆನಪಾಗದೆ ತೊಗಟೆಯೊಳಗೆ ಹೂತುಹೋದ ಸರಳುಗಳನ್ನು ಯಾವ ಪೇಟೆಯಲ್ಲೂ ನೋಡಬಹುದು.

ಇನ್ನು ದರಕು. ನಮ್ಮ ತಾಲೂಕಿನ ತೋಟಗಳು ನಿಂತಿರುವುದೇ ಸೊಪ್ಪಿನ ಬೆಟ್ಟದಿಂದ, ಅಂದರೆ ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ಕಾಡಿನಿಂದ, ಬರುವ ಸೊಪ್ಪು, ದರಕಿನ ಮೇಲೆ. ಮತ್ತಿ, ಕಿಂದಳ, ನಂದಿ ಎಲೆ ಉದುರಿಸುವುದು ಬೇಸಿಗೆ ಏರುವ ಹೊತ್ತಿಗೆ, ಸರಿಯಾಗಿ ಸಸಿಗಳಿಗೆ ಹೊದಿಕೆ ಬೇಕಾದ ಹೊತ್ತಿಗೆ. ಪೇಟೆಯಲ್ಲಿ ಅದೇ ಎಲೆಯನ್ನು ಗುಡಿಸಿ ಮರದ ಬುಡದಲ್ಲೇ ಬೆಂಕಿ ಹಾಕುವುದಿದೆ. ಬೆಂಕಿಯ ಬಿಸಿಗೆ ತೊಗಟೆಯ ಒಳಪದರ ಸಾಯುತ್ತದೆ. ಒಂದು ಬದಿ ಒಣಗಿ, ಅಲ್ಲಿಂದ ಅಣಬೆ ಹತ್ತಿ, ಕಾಂಡ ಪೊಳ್ಳಾಗುತ್ತದೆ. ಪೌರಕಾರ್ಮಿಕರನ್ನು ದೂರುವುದರಲ್ಲಿ ಅರ್ಥವಿಲ್ಲ. ಗುಡಿಸಿದ ಎಲೆ ಒಯ್ಯಲು ಗಾಡಿ ಕೊಡದಿದ್ದರೆ ಅವರೇನು ಮಾಡಬೇಕು? ನೀರಿನ ಗಾಡಿಯೇ ಹೋಗುವಾಗ ಎಲೆಯ ಚೀಲಗಳನ್ನು ಒಯ್ದು ಸಸಿಯ ಸುತ್ತ ನಾಲ್ಕಿಂಚು ದಪ್ಪಕ್ಕೆ ಹರಡಿದರೆ ವಾರದ ನೀರು ವಾರವಿಡೀ ಉಳಿಯುತ್ತದೆ. ಕಾಂಡಕ್ಕೆ ಮಾತ್ರ ತಾಗಿಸಬಾರದು, ಒಂದು ಗೇಣು ಬಿಟ್ಟಿರಬೇಕು. ಇಲ್ಲದಿದ್ದರೆ ಗೆದ್ದಲು ಹತ್ತುತ್ತದೆ. ಉಳಿದ ಎಲೆಯನ್ನು ಉದ್ಯಾನದ ಮೂಲೆಯಲ್ಲಿ ಒಂದು ಮೀಟರ್ ಎತ್ತರದ ಚಿರೇಕಲ್ಲಿನ ತೊಟ್ಟಿಯಲ್ಲಿ ಸಗಣಿ ನೀರು ಚಿಮುಕಿಸಿ ಪದರ ಪದರವಾಗಿ ತುಂಬಿ, ತಿಂಗಳಿಗೊಮ್ಮೆ ಮಗುಚಿದರೆ ಮಳೆಗಾಲದ ಹೊತ್ತಿಗೆ ಗೊಬ್ಬರ ಸಿದ್ಧ.

ಹುಲ್ಲುಹಾಸಿನ ಬಗ್ಗೆಯೂ ಹೇಳಲೇಬೇಕು. ಮಾರ್ಚ್, ಏಪ್ರಿಲ್ ಬಿಸಿಲಿಗೆ ಒಂದು ಚದರ ಮೀಟರ್ ಹುಲ್ಲು ದಿನಕ್ಕೆ ನಾಲ್ಕೈದು ಲೀಟರ್ ಕುಡಿಯುತ್ತದೆ. ಹತ್ತು ಗುಂಟೆ ಹುಲ್ಲುಹಾಸಿಗೆ ದಿನಕ್ಕೆ ನಾಲ್ಕೈದು ಸಾವಿರ ಲೀಟರ್. 250 ಸಸಿಗಳು ವಾರಕ್ಕೆ ಕುಡಿಯುವುದನ್ನು ಅದು ಒಂದು ದಿನಕ್ಕೆ ಕುಡಿಯುತ್ತದೆ. ಹೊಸ ಉದ್ಯಾನಗಳಲ್ಲಿ ಮಕ್ಕಳು ಆಡುವಷ್ಟು ಜಾಗಕ್ಕೆ ಹುಲ್ಲಿರಲಿ, ಉಳಿದದ್ದು ನೆರಳಿನ ಮರ, ಕೆಳಗೆ ದರಕು.

ಇಲ್ಲಿಯವರೆಗಿನದು ಹೊಸ ಸಸಿಯ ಮಾತು. ಈಗಿರುವ ಮರಗಳದ್ದು ಇದಕ್ಕಿಂತ ತುರ್ತಿನದು. 1983ರ ಅಪ್ಪಿಕೋ ಚಳವಳಿಯಲ್ಲಿ ನಮ್ಮ ತಾಲೂಕಿನ ಸಾಲ್ಕಣಿಯ ಹತ್ತಿರದ ಕಾಡಿನಲ್ಲಿ ಜನ ಮರ ಅಪ್ಪಿಕೊಂಡು ನಿಂತಾಗ ಎದುರಿಗೆ ಕೊಡಲಿ ಇತ್ತು, ಕಣ್ಣಿಗೆ ಕಾಣುತ್ತಿತ್ತು. ಪೇಟೆಯ ಮರಕ್ಕೆ ಪೆಟ್ಟು ಬೀಳುವುದು ನೆಲದೊಳಗೆ, ಜೆಸಿಬಿಯ ಹಲ್ಲಿನಿಂದ. ಮರ ಉರುಳುವುದು ಮುಂದಿನ ಮಳೆಗಾಲಕ್ಕೋ ಅದರ ಮುಂದಿನದಕ್ಕೋ. ಅಷ್ಟರಲ್ಲಿ ಗಟಾರ ತೋಡಿದ್ದು ಎಲ್ಲರಿಗೂ ಮರೆತಿರುತ್ತದೆ, ಹಳೆಯ ಮರ ಅಪಾಯಕಾರಿ ಎಂಬ ಮಾತು ಮಾತ್ರ ಉಳಿಯುತ್ತದೆ, ಸಾಲಿನ ಉಳಿದ ಮರಗಳನ್ನೂ ಕಡಿಯಿರಿ ಎಂದು ಅರ್ಜಿ ಬರುತ್ತದೆ.

ಉರುಳುವುದಕ್ಕೆ ಒಂದು ಕ್ರಮವಿದೆ. ನಮ್ಮಲ್ಲಿ ಮುಂಗಾರಿನ ಗಾಳಿ ಬೀಸುವುದು ಪಶ್ಚಿಮ, ನೈರುತ್ಯದಿಂದ. ಆ ಬದಿಯ ಬೇರುಗಳೇ ಮರವನ್ನು ಹಿಂದಕ್ಕೆ ಎಳೆದು ಹಿಡಿದಿರುತ್ತವೆ. ಉತ್ತರ–ದಕ್ಷಿಣವಾಗಿ ಹೋಗುವ ರಸ್ತೆಯಲ್ಲಿ ಮರದ ಪಶ್ಚಿಮಕ್ಕೆ ಗಟಾರವೋ ಪೈಪಿನ ಕಾಲುವೆಯೋ ಬಂದು ಆ ಬೇರು ತುಂಡಾದರೆ, ಮಣ್ಣು ನೆನೆದು ಸಡಿಲವಾದ ಜುಲೈಯ ಒಂದು ಗಾಳಿಗೆ ಮರ ಪೂರ್ವಕ್ಕೆ ಮಗುಚುತ್ತದೆ. ಏಪ್ರಿಲ್, ಮೇಯಲ್ಲಿ ಅಗೆದರೆ ಎರಡೇ ತಿಂಗಳಲ್ಲಿ ಗಾಳಿ ಎದುರಿಸಬೇಕಾಗುತ್ತದೆ. ಆದ್ದರಿಂದ ಮರದ ಹತ್ತಿರ ಅಗೆಯುವ ಕೆಲಸ ನವೆಂಬರ್, ಡಿಸೆಂಬರ್‌ನಲ್ಲೇ ಮುಗಿಯಬೇಕು.

ಎಷ್ಟು ದೂರ ಬಿಡಬೇಕೆಂಬುದಕ್ಕೆ ಒಂದು ಟೇಪು ಸಾಕು. ಎದೆಮಟ್ಟದಲ್ಲಿ ಕಾಂಡದ ಸುತ್ತಳತೆ ತೆಗೆಯಿರಿ. ಅದರ ನಾಲ್ಕು ಪಟ್ಟು ದೂರದೊಳಗೆ ಜೆಸಿಬಿ ಬರಬಾರದು, ಕೈಯಲ್ಲೇ ಅಗೆಯಬೇಕು. ಒಂದು ಪಟ್ಟಿನೊಳಗೆ ಯಾವ ಬೇರನ್ನೂ ಕತ್ತರಿಸಬಾರದು. ಸುತ್ತಳತೆ ಒಂದೂವರೆ ಮೀಟರ್ ಇದ್ದರೆ ಆರು ಮೀಟರ್ ಕೈಕೆಲಸ, ಒಂದೂವರೆ ಮೀಟರ್ ಮುಟ್ಟಲೇಬಾರದ ಜಾಗ. ನಡುವಿನ ಜಾಗದಲ್ಲಿ ಮುಂಗೈ ದಪ್ಪದ ಬೇರು ಸಿಕ್ಕರೆ ಪೈಪನ್ನು ಅದರ ಅಡಿಯಿಂದ ತೂರಿಸಬಹುದು. ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟೇ. ಕತ್ತರಿಸಲೇಬೇಕಾದ ಸಣ್ಣ ಬೇರನ್ನು ಗರಗಸದಿಂದ ನೇರವಾಗಿ ಕತ್ತರಿಸಬೇಕು. ಜೆಸಿಬಿಯ ಬಕೆಟ್ಟಿನಿಂದ ಎಳೆದು ಸೀಳಿದರೆ ಸೀಳು ಕಾಂಡದವರೆಗೂ ಹೋಗಿ ಕೊಳೆಯುತ್ತದೆ. ತೆರೆದ ಬೇರಿಗೆ ಒದ್ದೆ ಗೋಣಿಚೀಲ ಹೊದಿಸಿ ಅದೇ ದಿನ ಮಣ್ಣು ಮುಚ್ಚಬೇಕು. ನೀರಿನ ಪೈಪು, ಒಳಚರಂಡಿ, ಕೇಬಲ್ ಯಾವುದೇ ಇರಲಿ, ರಸ್ತೆ ಅಗೆಯಲು ಅನುಮತಿ ಕೊಡುವ ಕಾಗದದಲ್ಲೇ ಈ ಎರಡು ಅಳತೆ ಬರೆಯಿರಿ. ಮೀರಿದರೆ ಠೇವಣಿ ಮುಟ್ಟುಗೋಲು ಎಂದೂ ಬರೆಯಿರಿ.

ಬುಡದ ತನಕ ಇಂಟರ್‌ಲಾಕ್ ಕೂರಿಸುವುದೂ ನಿಧಾನದ ಸಾವೇ. ದೆಹಲಿಯ ಮರಗಳ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟ್ ತೆಗೆಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶಿಸಿತು. ನಮ್ಮಲ್ಲಿ ಆ ಒಂದು ಮೀಟರನ್ನು ಬಿಡುವುದಕ್ಕೆ ಖರ್ಚೇ ಇಲ್ಲ, ಪೇವರ್ಸ್ ಉಳಿಯುತ್ತದೆ. ಈಗಾಗಲೇ ಹಾಕಿದ್ದನ್ನು ಕಿತ್ತು, ಗಟ್ಟಿಯಾದ ಮಣ್ಣನ್ನು ಬೇರಿಗೆ ತಾಗದಂತೆ ಪಿಕಾಸಿಯ ತುದಿಯಿಂದ ಸಡಿಲಿಸಿ, ಎಲೆಗೊಬ್ಬರ ಹರಡಿದರೆ ಹೆಚ್ಚಿನ ಮರಗಳು ಚೇತರಿಸಿಕೊಳ್ಳುತ್ತವೆ.

ಮಳೆಗಾಲಕ್ಕೆ ಮುಂಚೆ ವಿದ್ಯುತ್ ತಂತಿಗೆ ತಾಗುವ ಕೊಂಬೆ ಸವರುವುದು ಅನಿವಾರ್ಯ, ಜೀವದ ಪ್ರಶ್ನೆ. ಆದರೆ ತಲೆ ಬೋಳಿಸಿದ ಮರ ಮರುವರ್ಷ ಅಲ್ಲಿಂದಲೇ ಹತ್ತಾರು ಚಿಗುರು ಒಡೆಯುತ್ತದೆ. ಅವು ಮೇಲ್ಪದರಕ್ಕಷ್ಟೇ ಅಂಟಿಕೊಂಡ, ಸುಲಭವಾಗಿ ಮುರಿಯುವ ಕೊಂಬೆಗಳು. ಬೇಗ ಬೆಳೆದು ಮತ್ತೆ ತಂತಿಗೇ ಹೋಗುತ್ತವೆ. ಸರಿಯಾದ ಕ್ರಮ ಮೂರು ಕಡಿತದ್ದು. ಕಾಂಡದಿಂದ ಒಂದಡಿ ದೂರದಲ್ಲಿ ಕೊಂಬೆಯ ಕೆಳಗಿನಿಂದ ಮೂರನೇ ಒಂದು ಭಾಗ, ಅದರಾಚೆ ಎರಡಿಂಚು ಬಿಟ್ಟು ಮೇಲಿನಿಂದ ಪೂರ್ತಿ, ಕೊನೆಗೆ ಉಳಿದ ಮೋಟನ್ನು ಕೊಂಬೆಯ ಬುಡದ ಉಬ್ಬಿನ ಹೊರಗೆ. ಆ ಉಬ್ಬನ್ನು ಕತ್ತರಿಸದಿದ್ದರೆ ಗಾಯವನ್ನು ಮರವೇ ಮುಚ್ಚಿಕೊಳ್ಳುತ್ತದೆ, ಡಾಂಬರು ಬಳಿಯುವ ಅಗತ್ಯವಿಲ್ಲ. ವಿದ್ಯುತ್ ಪೂರೈಸುವ ಹೆಸ್ಕಾಂನ ಸಿಬ್ಬಂದಿಗೂ ನಗರಸಭೆಯ ಆಳುಗಳಿಗೂ ಅರಣ್ಯ ಮಹಾವಿದ್ಯಾಲಯದಲ್ಲಿ ಒಂದು ದಿನ ತೋರಿಸಿಕೊಟ್ಟರೆ ಸಾಕು. ಕಾಲೇಜು ಊರಲ್ಲೇ ಇದೆ. ಜಾತ್ರೆಯ ದೀಪಾಲಂಕಾರಕ್ಕೆ ಮೊಳೆಯ ಬದಲು ಹಗ್ಗ ಬಳಸಿ, ಮುಗಿದ ವಾರದಲ್ಲೇ ಬಿಚ್ಚುವಂತೆಯೂ ಹೇಳಿ.

ಮರದ ಜಾತಿಯ ಆಯ್ಕೆ ಕಷ್ಟದ್ದಲ್ಲ. ತಂತಿಯ ಕೆಳಗೆ ಪಾರಿಜಾತ, ಮುರುಗಲು, ಕಕ್ಕೆ. ಅಗಲವಾದ ರಸ್ತೆಗೆ ರಂಜಲು, ಸುರಗಿ. ತೇವವಿರುವಲ್ಲಿ ಹೊಳೆದಾಸವಾಳ. ಕಲ್ಲುನೆಲಕ್ಕೆ ಕಿಂದಳ, ಮತ್ತಿ, ನೆಲ್ಲಿ. ಹಲಸು, ನೇರಳೆ, ಮಾವು ಉದ್ಯಾನದೊಳಗಿರಲಿ. ರಸ್ತೆಯಲ್ಲಿ ಹಣ್ಣು ಬಿದ್ದು ಬೈಕು ಜಾರಿದರೆ ಮರಕ್ಕೇ ಕುತ್ತು. ಗುಲ್‌ಮೊಹರ್ ಬೇಗ ಬೆಳೆಯುತ್ತದೆ, ನಮ್ಮ ಗಾಳಿಗೆ ಬೇಗ ಮುರಿಯುತ್ತದೆ.

ಲೇಔಟ್‌ಗಳ ವಿಷಯ. ಬಿನ್‌ಶೇತ್ಕಿ ಆದ, ಅಂದರೆ ಕೃಷಿಯೇತರ ಬಳಕೆಗೆ ಬದಲಾದ, ಜಮೀನಿನಲ್ಲಿ ಉದ್ಯಾನಕ್ಕೆಂದು ಬಿಡುವ ಜಾಗ ಹೆಚ್ಚಾಗಿ ಸೈಟು ಬಾರದ ಮೂಲೆ: ಹಳ್ಳದ ಪಕ್ಕದ ತಗ್ಗು, ಇಲ್ಲವೇ ಗುಡ್ಡ ಕಡಿದ ಕಲ್ಲು. ಮೇಲ್ಮಣ್ಣು ಲೇಔಟ್ ಸಮತಟ್ಟು ಮಾಡುವಾಗಲೇ ಲಾರಿ ಹತ್ತಿ ಹೋಗಿರುತ್ತದೆ. ಮಂಜೂರಾತಿಯ ಷರತ್ತಿನಲ್ಲೇ ಮೇಲಿನ ಒಂದಡಿ ಮಣ್ಣನ್ನು ಉದ್ಯಾನದ ಜಾಗದಲ್ಲಿ ರಾಶಿ ಹಾಕಿ ಉಳಿಸಬೇಕು ಎಂದು ಸೇರಿಸಿ. ಜಾಗವನ್ನು ನಗರಸಭೆಗೆ ಬಿಟ್ಟುಕೊಟ್ಟ ಪತ್ರ ನೋಂದಣಿಯಾದ ಕೂಡಲೇ ಆಸ್ತಿ ವಹಿಯಲ್ಲಿ ನಮೂದಾಗಿ, ನಾಲ್ಕು ಮೂಲೆಗೆ ಕಲ್ಲು ಬೀಳಬೇಕು. ತಡವಾದಷ್ಟೂ ಅಲ್ಲಿ ಮೊದಲು ಮರಳಿನ ರಾಶಿ, ಆಮೇಲೆ ಶೆಡ್ಡು ಬರುತ್ತದೆ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ಸಂರಕ್ಷಣೆಗಾಗಿಯೇ 1985ರ ಕರ್ನಾಟಕ ಕಾಯ್ದೆ ಇದೆ, ಇಂಥ ಜಾಗಗಳ ಪಟ್ಟಿಯನ್ನು ನಕ್ಷೆ ಸಹಿತ ಮಾಡಬೇಕೆಂದು ಅದು ಹೇಳುತ್ತದೆ. 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಮರಗಣತಿಯೂ ಇದೆ. ಈ ಎರಡು ಪಟ್ಟಿಗಳನ್ನು ಊರಿನವರು ನೋಡುವಂತೆ ನಗರಸಭೆಯ ಗೋಡೆಯ ಮೇಲೆ ಹಾಕಿ.

ಶಿರಸಿಯ ಬಯಲು ಜಾಗಕ್ಕೆ ಇನ್ನೊಂದು ಹೊಣೆಯೂ ಇದೆ. ಅಘನಾಶಿನಿಯ ಒಂದು ಮೂಲ ಊರೊಳಗಿನ ಶಂಕರ ಹೊಂಡ. ಅಣೆಕಟ್ಟಿಲ್ಲದೆ ಕುಮಟಾದ ಕಡೆ ಸಮುದ್ರ ಸೇರುವ ನದಿ ಅದು. ಒಂದು ಗುಂಟೆ ನೆಲದ ಮೇಲೆ ವರ್ಷಕ್ಕೆ ಸುಮಾರು ಎರಡೂವರೆ ಲಕ್ಷ ಲೀಟರ್ ಮಳೆ ಬೀಳುತ್ತದೆ. ಮಣ್ಣು ತೆರೆದಿದ್ದರೆ ಅದರಲ್ಲೊಂದು ಪಾಲು ಜಂಬಿಟ್ಟಿಗೆಯ ಬಿರುಕುಗಳಲ್ಲಿ ಇಳಿದು ಬಾವಿಗೆ, ಹೊಂಡಕ್ಕೆ, ಹಳ್ಳಕ್ಕೆ ಬೇಸಿಗೆಯಲ್ಲಿ ಬರುತ್ತದೆ. ಸಿಮೆಂಟು ಮುಚ್ಚಿದ್ದರೆ ಅಷ್ಟೂ ಗಟಾರಕ್ಕೆ, ಅರ್ಧ ಗಂಟೆಯಲ್ಲಿ. ಕೆರೆ, ಹೊಂಡಗಳ ಸುತ್ತ ಉದ್ಯಾನ ಮಾಡುವಾಗ ನಡೆದಾಡುವ ದಾರಿಯನ್ನು ಮಣ್ಣಿನದೇ ಇಡಿ, ನೀರು ಬರುವ ಕಾಲುವೆಗಳಿಗೆ ಗೋಡೆ ಕಟ್ಟಬೇಡಿ.

ಕೊನೆಯದು ಹಣ ಪಾವತಿಯ ವಿಧಾನ, ಉಳಿದದ್ದೆಲ್ಲ ನಿಲ್ಲುವುದು ಇದರ ಮೇಲೆಯೇ. ಗುಂಡಿ ಇಷ್ಟು, ಸಸಿ ಇಷ್ಟು ಎಂದು ಎಣಿಸಿ ನೆಟ್ಟ ತಿಂಗಳೇ ಪೂರ್ತಿ ಬಿಲ್ಲು ಆಗುವಲ್ಲಿ ಗುತ್ತಿಗೆದಾರರಿಗೆ ಫೆಬ್ರವರಿಯ ಚಿಂತೆ ಇರುವುದಿಲ್ಲ, ಇರಬೇಕೆಂದು ಬಯಸುವುದೂ ಸರಿಯಲ್ಲ. ಟೆಂಡರಿನಲ್ಲಿ ನೆಟ್ಟಾಗ ಶೇ. 40, ಆಮೇಲೆ ಮೂರು ವರ್ಷ ಪ್ರತಿ ಜೂನ್ 1ಕ್ಕೆ ಬದುಕಿರುವ ಸಸಿಗಳನ್ನು ಎಣಿಸಿ ಶೇ. 20ರಂತೆ ಎಂದು ಬರೆಯಿರಿ. ಸತ್ತದ್ದಕ್ಕೆ ಬದಲಿಯಾಗಿ ಅದೇ ಅಳತೆಯ ಸಸಿ. ಪ್ರತಿ ಸಸಿಗೂ ಒಂದು ನಂಬರು, ಒಂದು ಸಾಲಿನ ದಾಖಲೆ: ಜಾತಿ, ಜಾಗ, ನೆಟ್ಟ ದಿನ, ಕೊನೆಯ ಸಲ ನೀರು ಹಾಕಿದ ದಿನ. ಎಣಿಸಲು ವಾರ್ಡಿನವರು, ಅರಣ್ಯ ಕಾಲೇಜಿನ ವಿದ್ಯಾರ್ಥಿಗಳು ಜೊತೆಗಿರಲಿ, ನಾವೂ ಬರುತ್ತೇವೆ.

ಜೂನ್ ಎರಡನೆಯ ವಾರಕ್ಕೆ ನೆಡಬೇಕೆಂದರೆ ಮಾರ್ಚ್ ಕೊನೆಗೆ ಗುಂಡಿ ಶುರುವಾಗಬೇಕು, ಅದಕ್ಕೂ ಮುಂಚೆ 250 ಜಾಗಗಳ ಪಟ್ಟಿ ಕೈಯಲ್ಲಿರಬೇಕು. ವಾರ್ಡುವಾರು ಓಡಾಡಿ ತಂತಿ, ಪೈಪು, ಕಲ್ಲು ನೋಡಿ ಪಟ್ಟಿ ಮಾಡಿಕೊಡಲು ನಾವು ಸಿದ್ಧರಿದ್ದೇವೆ. ಬಜೆಟ್ ಸಭೆಗೆ ಮೊದಲು ಒಂದು ದಿನ ಗೊತ್ತು ಮಾಡಿ ತಿಳಿಸಿ.

ಇಂತಿ,
ಶಿರಸಿಯ ಸಸಿ ಬೆಳೆಸುವವರು, ತೋಟಗಾರರು ಮತ್ತು ಮರ ಸವರುವ ಕೆಲಸದವರು